ಎಡಕ್ಕೆ ಮಾತ್ರ ತಿರುಗುವ ಕಾರು: ಮಣ್ಣಿನ ಓವಲ್ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಅಮೆರಿಕದ ಮಣ್ಣಿನ ಓವಲ್ ಟ್ರ್ಯಾಕ್‌ಗಳ ಬಗ್ಗೆ, ಅಲ್ಲಿ ವಾರದ ಕೊನೆಗೆ ರಾತ್ರಿ ಓಡುವ ಸ್ಟ್ರೀಟ್ ಸ್ಟಾಕ್ ಕಾರುಗಳ (ಹಳೇ ರಸ್ತೆ ಕಾರನ್ನೇ ರೇಸ್‌ಗೆ ಮಾಡಿಕೊಂಡವು) ಬಗ್ಗೆ ಒಂದು ಸಣ್ಣ ಟಿಪ್ಪಣಿ ಹಾಕಿದ್ದೆವು. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಅಯೋವಾ, ಮಿನೆಸೋಟ, ವಿಸ್ಕಾನ್ಸಿನ್ ಕಡೆ ಇರುವ ಕನ್ನಡಿಗರು ಆಫೀಸಿನ ಗೆಳೆಯರ ಜೊತೆ ಸೇರಿ ಕೈಗೆ ಗ್ರೀಸ್ ಹಚ್ಚಿಕೊಳ್ಳುತ್ತಿದ್ದಾರೆ ಅನ್ನೋದೇ ಖುಷಿ. ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಸಸ್ಪೆನ್ಷನ್ ಬಗ್ಗೆಯೇ ಇದ್ದುದರಿಂದ ಈ ಸಲ ಪೂರ್ತಿ ಅದೇ. ಹೆಸರು ಬೇಡ ಅಂದವರೇ ಜಾಸ್ತಿ, ಹಾಗಾಗಿ ಊರು ಮಾತ್ರ ಕೊಟ್ಟಿದ್ದೇವೆ.

ಪ್ರ: ಯೂಟ್ಯೂಬ್‌ನಲ್ಲಿ ಈ ರೇಸ್ ನೋಡಿದೆ. ಕಾರು ಎಡಕ್ಕೆ ತಿರುಗುತ್ತಿರುತ್ತದೆ, ಮುಂದಿನ ಚಕ್ರ ನೋಡಿದರೆ ಬಲಕ್ಕೆ! ನಿಂತಿದ್ದಾಗಲೂ ಬಲ ಮುಂದಿನ ಚಕ್ರ ಸೊಟ್ಟಗೆ ಕಾಣುತ್ತೆ. ಗುದ್ದಿಸಿಕೊಂಡು ಬಂದ ಕಾರುಗಳನ್ನೇ ಓಡಿಸ್ತಾರಾ? — ಹುಬ್ಬಳ್ಳಿ

ಉ: ಗುದ್ದಿಸಿಕೊಂಡವೂ ಇರುತ್ತವೆ, ಆದರೆ ಸೊಟ್ಟ ಮಾಡಿರೋದು ಬೇಕಂತಲೇ. ಈ ಟ್ರ್ಯಾಕ್‌ಗಳು ಸಾಮಾನ್ಯವಾಗಿ ಕಾಲು ಮೈಲಿಯಿಂದ ಅರ್ಧ ಮೈಲಿ ಉದ್ದದ ಮೊಟ್ಟೆಯಾಕಾರದ ಮಣ್ಣಿನ ದಾರಿಗಳು, ಓಟ ಯಾವಾಗಲೂ ಎಡಕ್ಕೇ. ಬಲಕ್ಕೆ ತಿರುಗುವ ಪ್ರಸಂಗವೇ ಇಲ್ಲ ಅಂದ ಮೇಲೆ ಕಾರಿನ ಎರಡೂ ಬದಿ ಒಂದೇ ಥರ ಯಾಕಿರಬೇಕು, ಅಲ್ವಾ? ತಿರುವಿನಲ್ಲಿ ಭಾರ ಪೂರ್ತಿ ಬಲಕ್ಕೆ ಬೀಳುತ್ತದೆ, ಆಗ ಬಲ ಮುಂದಿನ ಟೈರ್ ನೆಲಕ್ಕೆ ಚಪ್ಪಟೆಯಾಗಿ ಕೂರಬೇಕು ಅಂತ ಅದರ ತಲೆಯನ್ನು ಒಳಕ್ಕೆ 3ರಿಂದ 4 ಡಿಗ್ರಿ ವಾಲಿಸಿರುತ್ತಾರೆ. ಎಡ ಮುಂದಿನದನ್ನು ಹೊರಕ್ಕೆ 1ರಿಂದ 3 ಡಿಗ್ರಿ. ಹಿಂದಿನಿಂದ ನೋಡಿದರೆ ಎರಡೂ ಎಡಕ್ಕೇ ವಾಲಿರುತ್ತವೆ.

ಚಕ್ರ ಬಲಕ್ಕೆ ತಿರುಗಿರೋದು ಹಿಂಭಾಗ ಹೊರಕ್ಕೆ ಜಾರುತ್ತಿರುವಾಗ ಡ್ರೈವರ್ ಹಿಡಿದುಕೊಂಡಿರೋದು. ನೋಡೋಕೆ ಚೆನ್ನ. ಒಣ ಟ್ರ್ಯಾಕ್‌ನಲ್ಲಿ ಹಾಗೆ ಅಡ್ಡಡ್ಡ ಹೋಗುವವನು ಹೆಚ್ಚಾಗಿ ಹಿಂದೆ ಬೀಳುತ್ತಾನೆ.

ಪ್ರ: ನಾನಿರೋದು ಏಮ್ಸ್‌ನಲ್ಲಿ, ಬೂನ್ ಟ್ರ್ಯಾಕ್ ಹತ್ತಿರವೇ. ಸಹೋದ್ಯೋಗಿಯೊಬ್ಬರು 80ರ ದಶಕದ ಮಾಂಟೆ ಕಾರ್ಲೊ ಓಡಿಸ್ತಾರೆ, ನಾನು ಪಿಟ್‌ನಲ್ಲಿ ಸಹಾಯಕ್ಕೆ. ಸಂಜೆ ಹೀಟ್ ರೇಸ್‌ನಲ್ಲಿ (ಮುಖ್ಯ ರೇಸ್‌ಗೆ ಮುಂಚಿನ ಸಣ್ಣ ಓಟ) ಕಾರು ಸೊಗಸಾಗಿ ಹೋಗುತ್ತೆ. ರಾತ್ರಿ ಮುಖ್ಯ ರೇಸ್‌ನಲ್ಲಿ ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರ್ ಒತ್ತಿದ ತಕ್ಷಣ ಹಿಂಭಾಗ ಸುತ್ತಿಕೊಂಡು ಬರುತ್ತೆ. ಅವರು "ನಾಲ್ಕೂ ಸ್ಪ್ರಿಂಗ್ ಬದಲಾಯಿಸೋಣ" ಅಂತಿದ್ದಾರೆ. ಸರಿನಾ ಸರ್? — ಏಮ್ಸ್, ಅಯೋವಾ

ಉ: ದುಡ್ಡು ಜೇಬಲ್ಲೇ ಇರಲಿ ಅನ್ನಿ. ಹೀಟ್‌ನಲ್ಲಿ ಚೆನ್ನಾಗಿ ಓಡಿದ ಸ್ಪ್ರಿಂಗು ಎರಡು ಗಂಟೆಯಲ್ಲಿ ಕೆಟ್ಟು ಹೋಗಲಿಲ್ಲ. ಬದಲಾಗಿದ್ದು ಟ್ರ್ಯಾಕು. ಸಂಜೆ ನೀರಿನ ಟ್ಯಾಂಕರ್ ಓಡಾಡಿ, ಕಾರುಗಳು ನಿಧಾನವಾಗಿ ಸುತ್ತಿ ಮಣ್ಣು ಅದುಮಿದ ಮೇಲೆ ಜೇಡಿ ಕಪ್ಪಗೆ, ತೇವವಾಗಿ ಇರುತ್ತದೆ, ಟೈರು ಕಚ್ಚಿ ಹಿಡಿಯುತ್ತದೆ. ಆಮೇಲೆ ಹತ್ತಾರು ರೇಸ್ ಓಡಿ, ಗಾಳಿ ಬೀಸಿ, ಮುಖ್ಯ ರೇಸ್ ಹೊತ್ತಿಗೆ ಓಡುವ ಸಾಲು ಗಟ್ಟಿಯಾಗಿ ಬೆಳ್ಳಗೆ ಹೊಳೆಯುತ್ತಿರುತ್ತದೆ. ಅದನ್ನೇ ಅಲ್ಲಿಯವರು ಡ್ರೈ ಸ್ಲಿಕ್ ಅನ್ನೋದು. ಹಿಡಿತ ಅರ್ಧಕ್ಕೆ ಇಳಿದಿರುವಾಗ ಸಂಜೆ ಒತ್ತಿದ ಹಾಗೇ ಕಾಲು ಒತ್ತಿದರೆ ಹಿಂದಿನ ಟೈರು ಜಾರಿ ಗಿರ್ರನೆ ಸುತ್ತದೆ ಇನ್ನೇನು ಮಾಡೀತು.

ಯಾವುದಕ್ಕೂ ಕೈ ಹಾಕುವ ಮೊದಲು ಒಂದು ವಿಷಯ ಕಣ್ಣಾರೆ ನೋಡಿ. ಹಿಂಭಾಗ ಹೊರಕ್ಕೆ ಜಾರಿದರೆ ಲೂಸ್, ಮುಂಭಾಗ ತಿರುಗದೆ ನೇರ ಹೋದರೆ ಟೈಟ್ ಅನ್ನುತ್ತಾರೆ. ಡ್ರೈವರ್ "ಲೂಸ್" ಅಂದ ಮಾತ್ರಕ್ಕೆ ಕಾರು ಲೂಸ್ ಅಂತ ನಂಬಬೇಡಿ. ತಿರುವಿನ ಮಧ್ಯ ಕಾಣುವ ಜಾಗದಲ್ಲಿ ಬೇಲಿಯ ಹಿಂದೆ ನಿಂತು ಮುಂದಿನ ಚಕ್ರ ಯಾವ ಕಡೆ ತಿರುಗಿದೆ ಅಂತಷ್ಟೇ ನೋಡಿ. ಮಧ್ಯದಲ್ಲಿ ಚಕ್ರ ಎಡಕ್ಕೆ ಪೂರ್ತಿ ತಿರುಗಿಯೂ ಕಾರು ನೇರ ಗೋಡೆ ಕಡೆ ಜಾರುತ್ತಿದ್ದು, ಆಮೇಲೆ ಗಕ್ಕನೆ ಹಿಂಭಾಗ ಕಿತ್ತುಕೊಂಡರೆ ಅದು ಟೈಟ್ ಕಾರು. ಮುಂದೆ ತಿರುಗುತ್ತಿಲ್ಲ ಅಂತ ಆತ ಸ್ಟೀರಿಂಗ್ ಇನ್ನೂ ಎಳೆಯುತ್ತಾನೆ, ತಾಳ್ಮೆ ಕೆಟ್ಟು ಆಕ್ಸಿಲರೇಟರ್ ತುಳಿಯುತ್ತಾನೆ, ಹಿಂಭಾಗ ಹಾರುತ್ತದೆ, ಪಿಟ್‌ಗೆ ಬಂದು "ಲೂಸ್ ಕಣ್ರೋ" ಅಂತಾನೆ. ನೀವು ಅದನ್ನು ನಂಬಿ ಇನ್ನಷ್ಟು ಟೈಟ್ ಮಾಡಿದರೆ ರೋಗ ಜಾಸ್ತಿ. ಶನಿವಾರ ರಾತ್ರಿ ಪಿಟ್‌ನಲ್ಲಿ ನಡೆಯುವ ಜಗಳಗಳಲ್ಲಿ ಅರ್ಧಕ್ಕರ್ಧ ಇದರದ್ದೇ.

ನೋಡಿದಿರಿ, ಮುಂದಿನ ಚಕ್ರ ನೇರ ಇದೆ ಅಥವಾ ಸ್ವಲ್ಪ ಬಲಕ್ಕಿದೆ, ಗ್ಯಾಸ್ (ಆಕ್ಸಿಲರೇಟರ್) ಕೊಟ್ಟಾಗ ಮಾತ್ರ ಹಿಂಭಾಗ ಹೋಗುತ್ತಿದೆ ಅಂತಾದರೆ ಅದು ನಿಜವಾದ ಲೂಸ್. ಆಗ ಮೊದಲು ಸ್ಟ್ಯಾಗರ್ ನೋಡಿ.

ಸ್ಟ್ಯಾಗರ್ ಅಂದರೆ ಬಲ ಹಿಂದಿನ ಟೈರಿನ ಸುತ್ತಳತೆಯಲ್ಲಿ ಎಡ ಹಿಂದಿನದರ ಸುತ್ತಳತೆ ಕಳೆದರೆ ಉಳಿಯುವ ಇಂಚು. ಈ ಕಾರುಗಳ ಡಿಫರೆನ್ಷಿಯಲ್ ಲಾಕ್ ಆಗಿರುತ್ತದೆ, ಒಳಗಿನ ಗೇರುಗಳನ್ನು ವೆಲ್ಡ್ ಮಾಡಿರುತ್ತಾರೆ ಅಥವಾ ಸ್ಪೂಲ್ ಹಾಕಿರುತ್ತಾರೆ, ಎರಡೂ ಚಕ್ರ ಒಟ್ಟಿಗೇ ಸುತ್ತಬೇಕು. ತಿರುವಿನಲ್ಲಿ ಹೊರಗಿನ ಚಕ್ರಕ್ಕೆ ದಾರಿ ಉದ್ದ. ಎರಡೂ ಒಂದೇ ಅಳತೆ ಇದ್ದರೆ ಕಾರು ನೇರ ಹೋಗೋಕೇ ನೋಡುತ್ತದೆ. ಟೀ ಕುಡಿಯುವ ಪೇಪರ್ ಲೋಟವನ್ನು ಟೇಬಲ್ ಮೇಲೆ ಅಡ್ಡ ಉರುಳಿಸಿ ನೋಡಿ, ಅದು ತಾನಾಗೇ ಸುತ್ತು ಹೊಡೆಯುತ್ತದಲ್ಲ, ಅದೇ ಕೆಲಸ.

ಎಷ್ಟಿರಬೇಕು ಅನ್ನೋದಕ್ಕೆ ಲೆಕ್ಕ ಇದೆ. ಕಾರು ಸುತ್ತುವ ದಾರಿಯ ತ್ರಿಜ್ಯ 150 ಅಡಿ, ಹಿಂದಿನ ಎರಡು ಟೈರುಗಳ ನಡುವೆ 5 ಅಡಿ ಅಂತ ಇಟ್ಟುಕೊಳ್ಳಿ. ಹೊರಗಿನದು 152.5 ಅಡಿ ತ್ರಿಜ್ಯದಲ್ಲಿ ಸುತ್ತುತ್ತದೆ, ಒಳಗಿನದು 147.5 ಅಡಿಯಲ್ಲಿ. ಎಡ ಟೈರಿನ ಸುತ್ತಳತೆ 84 ಇಂಚಾದರೆ ಬಲದ್ದು ಸುಮಾರು 86.85 ಇಂಚು ಇರಬೇಕು. ಸ್ಟ್ಯಾಗರ್ ಸುಮಾರು 2.85 ಇಂಚು. ಇದು ಟೈರು ಜಾರದೆ ಉರುಳಿದರೆ ಬರುವ ಲೆಕ್ಕ. ಮಣ್ಣಿನಲ್ಲಿ ಟೈರು ಜಾರುತ್ತಲೇ ಇರುತ್ತದೆ, ಹಾಗಾಗಿ ಇದು ಶುರು ಮಾಡೋಕೆ ಒಂದು ಅಂದಾಜು ಅಷ್ಟೇ. ಸ್ಟ್ಯಾಗರ್ ಜಾಸ್ತಿ ಇದ್ದರೆ ಕಾರು ಸಲೀಸಾಗಿ ತಿರುಗುತ್ತದೆ, ಕಡಿಮೆ ಮಾಡಿದರೆ ಹೊರಬರುವಾಗ ನೇರವಾಗಿ ತಳ್ಳುತ್ತದೆ. ಅಂದರೆ ನಿಮ್ಮ ಕಾಯಿಲೆಗೆ ಮುಖ್ಯ ರೇಸ್‌ಗೆ ಮುಂಚೆ ಅರ್ಧ ಇಂಚಿನಿಂದ ಒಂದು ಇಂಚಿನವರೆಗೆ ಸ್ಟ್ಯಾಗರ್ ಇಳಿಸೋದು ಮೊದಲ ಮದ್ದು.

ಇಳಿಸೋದು ಹೇಗೆ? ಟ್ರೈಲರ್‌ನಲ್ಲಿ ಸುತ್ತಳತೆ ಬೇರೆಬೇರೆ ಇರುವ ಎರಡು ಎಡ ಹಿಂದಿನ ಟೈರ್ ಇಟ್ಟುಕೊಂಡಿರಿ. ಒಂದೇ ಸೈಜು ಅಂತ ಬರೆದಿದ್ದರೂ ಒಂದೊಂದು ಟೈರ್ ಒಂದೊಂದು ಅಳತೆ ಬರುತ್ತದೆ, ಹೊಸದು ಓಡಿದ ಮೇಲೆ ಇನ್ನೂ ಹಿಗ್ಗುತ್ತದೆ. ಓಡಿಸುವಾಗ ಇರುವಷ್ಟೇ ಗಾಳಿ ಹಾಕಿ, ಸಣ್ಣ ಸ್ಟೀಲ್ ಟೇಪನ್ನು ಟೈರಿನ ನಟ್ಟನಡುವೆ ಸುತ್ತಿ ಅಳೆದು, ಚಾಕ್‌ನಲ್ಲಿ ಟೈರಿನ ಪಕ್ಕೆ ಮೇಲೇ ಬರೆದುಬಿಡಿ. ಟೇಪು ಒಂದು ಕಡೆ ಜಾರಿದರೂ ಕಾಲು ಇಂಚು ಸುಳ್ಳು ಹೇಳುತ್ತದೆ.

ಒಂದು ಎಚ್ಚರ. ಎಡ ಹಿಂದೆ ದೊಡ್ಡ ಟೈರ್ ಹಾಕಿದರೆ ಸ್ಟ್ಯಾಗರ್ ಮಾತ್ರ ಇಳಿಯಲ್ಲ, ಆ ಮೂಲೆ ಮೇಲಕ್ಕೇಳುತ್ತದೆ. ಸುತ್ತಳತೆ ಒಂದು ಇಂಚು ಜಾಸ್ತಿಯಾದರೆ ಆಕ್ಸಲ್ ಸುಮಾರು 0.16 ಇಂಚು ಏರುತ್ತದೆ. ಆ ಮೂಲೆಗೆ ಭಾರವೂ ಬೀಳುತ್ತದೆ. ನಿಮ್ಮ ವಿಷಯದಲ್ಲಿ ಅದೂ ಟೈಟ್ ಮಾಡುವ ಕಡೆಗೇ, ಒಳ್ಳೇದೇ ಆಯ್ತು, ಆದರೆ ಒಂದು ಬದಲಾವಣೆ ಮಾಡಿದ್ದೇನೆ ಅಂದುಕೊಂಡು ಎರಡು ಮಾಡಿರುತ್ತೀರಿ ಅನ್ನೋದು ನೆನಪಿರಲಿ.

ಎರಡನೇದು ಗಾಳಿ. ಎಡಗಡೆಯ ಎರಡಕ್ಕೂ ಕಡಿಮೆ, ಬಲಗಡೆಯ ಎರಡಕ್ಕೂ ಜಾಸ್ತಿ ಅನ್ನೋದು ಎಲ್ಲರೂ ಶುರು ಮಾಡುವ ಜಾಗ. ಹಿಂದೆ ಎಡಕ್ಕೆ 10 ಪಿಎಸ್‌ಐ ಆಸುಪಾಸು, ಬಲಕ್ಕೆ 14-16 ಅಂತ ಇಟ್ಟು ನೋಡುವವರು ಬಹಳ ಜನ. ಒಣ ಟ್ರ್ಯಾಕ್‌ಗೆ ಬಲ ಹಿಂದೆ ಒಂದೆರಡು ಪೌಂಡ್ ಇಳಿಸಿದರೆ ಟೈರ್ ಮೆತ್ತಗೆ ಹರಡಿಕೊಂಡು ಕೂರುತ್ತದೆ, ಸುತ್ತಳತೆಯೂ ಒಂಚೂರು ಇಳಿಯುತ್ತದೆ. ತೀರಾ ಇಳಿಸಬೇಡಿ, ರಿಮ್‌ನಿಂದ ಟೈರ್ ಕಿತ್ತು ಬರುತ್ತದೆ.

ಇವೆರಡೂ ಆದ ಮೇಲೆ ಇನ್ನೂ ಲೂಸ್ ಅಂದರೆ ಎಡ ಹಿಂದಿನ ಮೂಲೆಗೆ ಭಾರ ಜಾಸ್ತಿ ಮಾಡಿ. ಅದನ್ನು ಕೆಳಗಿನ ಪ್ರಶ್ನೆಯಲ್ಲಿ ಲೆಕ್ಕ ಸಮೇತ ಹೇಳಿದ್ದೇನೆ. ಸ್ಪ್ರಿಂಗು ಅದೂ ಆದ ಮೇಲೆ. ಅದೂ ನಾಲ್ಕಲ್ಲ, ಒಂದು.

ಪ್ರ: ಕ್ರಾಸ್ ವೇಟ್, ವೆಡ್ಜ್, ಬೈಟ್ ಅಂತ ಪಿಟ್‌ನಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನಾಲ್ಕು ಸ್ಕೇಲ್ ಬಾಡಿಗೆಗೆ ತಂದಿದ್ದೇವೆ. ಏನನ್ನು ಹೇಗೆ ನೋಡಬೇಕು? ಎಡಗಡೆ ಭಾರ ಕಡಿಮೆ ಇದೆ ಅಂತ ಜಾಕ್ ಬೋಲ್ಟ್ ತಿರುಗಿಸಿ ತಿರುಗಿಸಿ ಸಾಕಾಯ್ತು, ಒಂದು ಪೌಂಡೂ ಕದಲಲಿಲ್ಲ. — ರಾಚೆಸ್ಟರ್, ಮಿನೆಸೋಟ

ಉ: ಕದಲಲ್ಲ. ಎಷ್ಟು ತಿರುಗಿಸಿದರೂ ಕದಲಲ್ಲ. ಜಾಕ್ ಬೋಲ್ಟ್ ಅಂದರೆ ಸ್ಪ್ರಿಂಗ್ ತುದಿಯನ್ನು ಒತ್ತುವ ತಿರುಪು. ಅದನ್ನು ತಿರುಗಿಸಿದರೆ ಭಾರ ಮೂಲೆಯಿಂದ ಮೂಲೆಗೆ ಹೋಗುತ್ತದೆಯೇ ಹೊರತು ಎಡ-ಬಲದ ಮೊತ್ತ, ಹಿಂದೆ-ಮುಂದಿನ ಮೊತ್ತ ಹಾಗೇ ಇರುತ್ತವೆ. ಅವನ್ನು ಬದಲಾಯಿಸಬೇಕಾದರೆ ನಿಜವಾಗಿ ಯಾವುದಾದರೂ ವಸ್ತುವನ್ನು ಎತ್ತಿ ಬೇರೆ ಕಡೆ ಇಡಬೇಕು: ಬ್ಯಾಟರಿ, ಸೀಸದ ತೂಕ, ನಿಯಮ ಬಿಟ್ಟರೆ ಸೀಟು.

ಒಂದು ಉದಾಹರಣೆ. ಡ್ರೈವರ್ ಕೂತಾಗ ಕಾರು 3,200 ಪೌಂಡ್. ಎಡ ಮುಂದೆ 880, ಬಲ ಮುಂದೆ 784, ಎಡ ಹಿಂದೆ 816, ಬಲ ಹಿಂದೆ 720. ಎಡಗಡೆ ಒಟ್ಟು 1,696, ಅಂದರೆ 53 ಶೇಕಡ. ಹಿಂದೆ 1,536, ಅಂದರೆ 48 ಶೇಕಡ. ಬಲ ಮುಂದೆ ಮತ್ತು ಎಡ ಹಿಂದೆ ಎರಡನ್ನೂ ಕೂಡಿಸಿ, 1,600 ಬಂತು, ಒಟ್ಟು ಭಾರದ 50 ಶೇಕಡ. ಇದೇ ಕ್ರಾಸ್ ವೇಟ್, ಇದನ್ನೇ ವೆಡ್ಜ್ ಅಂತಲೂ ಅನ್ನುತ್ತಾರೆ. ಬೈಟ್ ಅಂದರೆ ಹಿಂದಿನ ಎರಡರ ವ್ಯತ್ಯಾಸ, 816ರಲ್ಲಿ 720 ಹೋದರೆ 96 ಪೌಂಡ್. ಮಣ್ಣಿನ ಟ್ರ್ಯಾಕ್‌ನವರು ಹೆಚ್ಚಾಗಿ ಮಾತಾಡೋದು ಈ ಬೈಟ್ ಲೆಕ್ಕದಲ್ಲೇ.

ಈಗ ಎಡ ಹಿಂದಿನ ಜಾಕ್ ಬೋಲ್ಟ್ ಒಳಕ್ಕೆ ತಿರುಗಿಸಿ ಅಲ್ಲಿ 20 ಪೌಂಡ್ ಜಾಸ್ತಿ ಮಾಡಿದಿರಿ ಅಂತಿಟ್ಟುಕೊಳ್ಳಿ. ಎಡ ಹಿಂದೆ 836, ಬಲ ಮುಂದೆ 804. ಉಳಿದ ಎರಡರಲ್ಲಿ ಅಷ್ಟಷ್ಟೇ ಇಳಿದು ಎಡ ಮುಂದೆ 860, ಬಲ ಹಿಂದೆ 700. ಕ್ರಾಸ್ 51.25 ಶೇಕಡ, ಬೈಟ್ 136. ಎಡಗಡೆ ಕೂಡಿಸಿ ನೋಡಿ, ಅದೇ 1,696. ನಿಮಗೆ ಸಾಕಾಗಿದ್ದು ಇಲ್ಲೇ.

ಬೈಟ್ ಜಾಸ್ತಿಯಾದರೆ ಗ್ಯಾಸ್ ಕೊಟ್ಟಾಗ ಎಡ ಹಿಂದಿನ ಟೈರ್ ಗಟ್ಟಿಯಾಗಿ ತಳ್ಳಿ ಕಾರನ್ನು ಬಲಕ್ಕೆ ನೂಕುತ್ತದೆ, ಟೈಟ್ ಆಗುತ್ತದೆ. ತಮಾಷೆ ಏನೆಂದರೆ ಗ್ಯಾಸ್ ಬಿಟ್ಟು ತಿರುವಿಗೆ ಇಳಿಯುವಾಗ ಅದೇ ಟೈರ್ ಹಿಡಿದೆಳೆದು ಕಾರನ್ನು ಎಡಕ್ಕೆ ತಿರುಗಿಸುತ್ತದೆ. ಹಾಗಾಗಿ ಒಳಗೆ ಹೋಗುವಾಗ ಲೂಸ್, ಹೊರಗೆ ಬರುವಾಗ ಟೈಟ್ ಅಂತ ಡ್ರೈವರ್ ಹೇಳಿದರೆ ಅವನಿಗೆ ತಲೆ ಕೆಟ್ಟಿಲ್ಲ, ಬೈಟ್ ಜಾಸ್ತಿಯಾಗಿರಬಹುದು.

ಸ್ಕೇಲ್ ಮೇಲೆ ಹತ್ತಿಸುವ ಮುಂಚೆ: ನೆಲ ಸಮ ಇರಬೇಕು, ನಾಲ್ಕು ಸ್ಕೇಲ್ ಒಂದೇ ಮಟ್ಟದಲ್ಲಿರಬೇಕು. ಕಾಲು ಇಂಚು ಏರುಪೇರಿದ್ದರೂ ನಂಬರ್ ಹಾಳು, ತೆಳು ತಗಡು ಕೊಟ್ಟು ಸರಿಮಾಡಿ. ಟೈರ್ ಗಾಳಿ, ಪೆಟ್ರೋಲು ರೇಸ್‌ನಲ್ಲಿ ಇದ್ದಷ್ಟೇ. ಡ್ರೈವರ್ ಸೀಟಲ್ಲಿ ಕೂತಿರಬೇಕು, ಅವರಿಲ್ಲದಿದ್ದರೆ ಅಷ್ಟೇ ತೂಕದ ಮೂಟೆ. ಮುಂದಿನ ಸ್ವೇ ಬಾರ್ (ಬಾಡಿ ವಾಲುವುದನ್ನು ತಡೆಯುವ ಅಡ್ಡ ಸರಳು) ಒಂದು ಕಡೆ ಕಳಚಿಡಿ. ಪ್ರತಿ ಸಲ ಬೋಲ್ಟ್ ತಿರುಗಿಸಿದ ಮೇಲೆ ಬಂಪರ್ ಒತ್ತಿ ಕುಲುಕಿಸಿ, ಸ್ಟೀರಿಂಗ್ ನೇರ ಮಾಡಿ ಆಮೇಲೆ ನಂಬರ್ ಓದಿ. ಕುಲುಕಿಸಿದಾಗೆಲ್ಲ 20-30 ಪೌಂಡ್ ಬೇರೆಬೇರೆ ಬಂದರೆ ಸ್ಕೇಲಿನ ತಪ್ಪಲ್ಲ, ಎಲ್ಲೋ ಬುಷ್ ಅಥವಾ ಶಾಕ್ ಹಿಡಿದುಕೊಳ್ಳುತ್ತಿದೆ. ಅದನ್ನು ಮೊದಲು ಹುಡುಕಿ.

ನಿಮ್ಮ ಕ್ಲಾಸ್‌ನಲ್ಲಿ (ರೇಸ್ ವಿಭಾಗದಲ್ಲಿ) ಜಾಕ್ ಬೋಲ್ಟ್‌ಗೆ ಅನುಮತಿ ಇದೆಯಾ ಅಂತ ರೂಲ್ ಪುಸ್ತಕ ಒಮ್ಮೆ ನೋಡಿಬಿಡಿ, ಎಲ್ಲ ಕಡೆ ಒಂದೇ ಇಲ್ಲ. ಇಲ್ಲದಿದ್ದರೆ ಸ್ಪ್ರಿಂಗ್ ಮೇಲೆ ಸ್ಪೇಸರ್, ಸುರುಳಿ ನಡುವೆ ರಬ್ಬರ್, ಹೀಗೆ ದಾರಿಗಳಿವೆ. ಸೀಸ ಕಟ್ಟುವುದಾದರೆ ಅರ್ಧ ಇಂಚಿನ ಬೋಲ್ಟ್ ಎರಡಾದರೂ ಹಾಕಿ, ಬಿಳಿ ಬಣ್ಣ ಬಳಿದು ಕಾರಿನ ನಂಬರ್ ಬರೆಯಿರಿ. ಎಷ್ಟೋ ಕಡೆ ಅದೇ ನಿಯಮ. ಕಳಚಿ ಬಿದ್ದ 25 ಪೌಂಡ್ ಸೀಸ ಹಿಂದೆ ಬರುವವನ ಕಿಟಕಿಗೆ ಬಡಿದರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ.

ಪ್ರ: ಮುಂದೆ 900 ಪೌಂಡ್ ಸ್ಪ್ರಿಂಗ್, ಹಿಂದೆ ಬರೀ 200. ಇಷ್ಟು ವ್ಯತ್ಯಾಸ ಯಾಕೆ? ಇನ್ನೊಂದು, ಸ್ಪ್ರಿಂಗ್ ಒಂದು ಸುತ್ತು ಕತ್ತರಿಸಿದರೆ ಮೆತ್ತಗಾಗುತ್ತಾ? — ಡಿ ಮೊಯ್ನ್

ಉ: ಕತ್ತರಿಸಿದರೆ ಗಟ್ಟಿಯಾಗುತ್ತದೆ, ಜೊತೆಗೆ ಕಾರು ಕೆಳಗಿಳಿಯುತ್ತದೆ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿರುಸು. ಗ್ಯಾಸ್ ಕಟರ್‌ನಿಂದಂತೂ ಕತ್ತರಿಸಲೇಬೇಡಿ, ಬಿಸಿಗೆ ಉಕ್ಕಿನ ಹದ ಹೋಗುತ್ತದೆ.

900ರ ಕಥೆ ಹೀಗೆ. 900 ಪೌಂಡ್ ಅಂದರೆ ಸ್ಪ್ರಿಂಗನ್ನು ಒಂದು ಇಂಚು ಕುಗ್ಗಿಸಲು ಬೇಕಾದ ಭಾರ. ಮುಂದಿನ ಸ್ಪ್ರಿಂಗ್ ಕೂತಿರೋದು ಕೆಳಗಿನ ಎ-ಆರ್ಮ್ (ಚಕ್ರವನ್ನು ಚಾಸಿಗೆ ಸೇರಿಸುವ ತೋಳು) ಮೇಲೆ, ಚಕ್ರದಿಂದ ಒಳಕ್ಕೆ. ಚಕ್ರ 1 ಇಂಚು ಎದ್ದರೆ ಸ್ಪ್ರಿಂಗ್ ಹೆಚ್ಚುಕಡಿಮೆ ಅರ್ಧ ಇಂಚು ಮಾತ್ರ ಕುಗ್ಗುತ್ತದೆ. ಚಲನೆಯೂ ಅರ್ಧ, ಒತ್ತುವ ಬಲವೂ ಚಕ್ರದ ಹತ್ತಿರ ಅರ್ಧ, ಅಲ್ಲಿಗೆ ಕಾಲು ಭಾಗ. 900ರ ಕಾಲು ಭಾಗ 225. ಹಿಂದಿನ ಸ್ಪ್ರಿಂಗ್ ಆಕ್ಸಲ್ ಮೇಲೇ ಕೂತಿರುವುದರಿಂದ ಗುಂಡಿ ಬಿದ್ದಾಗ ಅದರ 200 ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಚಕ್ರದ ಹತ್ತಿರ ನೋಡಿದರೆ 225 ಮತ್ತು 200, ಅಂಥ ವ್ಯತ್ಯಾಸ ಏನಿಲ್ಲ. ನಿಮ್ಮ ಎ-ಆರ್ಮ್‌ನಲ್ಲಿ ನಿಜವಾಗಿ ಎಷ್ಟು ಅಂತ ಟೇಪ್ ಹಿಡಿದು ಅಳೆಯಿರಿ, ಅರ್ಧ ಅನ್ನೋದು ನಾನು ಲೆಕ್ಕಕ್ಕೆ ಹಿಡಿದದ್ದು.

ಅಂದ ಹಾಗೆ ಹಿಂದೆ ಎಡದ ಸ್ಪ್ರಿಂಗ್ ಬಲಕ್ಕಿಂತ 25 ಪೌಂಡ್ ಗಟ್ಟಿ ಇಟ್ಟರೆ ಹೊರಬರುವಾಗ ಟೈಟ್ ಕಡೆ ವಾಲುತ್ತದೆ. ಬದಲಾಯಿಸಲೇಬೇಕು ಅಂತ ಹಟ ಇದ್ದವರು ಅಲ್ಲಿಂದ ಶುರು ಮಾಡಬಹುದು. ಬದಲಾಯಿಸಿದ ಮೇಲೆ ಮತ್ತೆ ಸ್ಕೇಲ್ ಮೇಲೆ ಹತ್ತಿಸಿ ಹಳೇ ಬೈಟ್‌ಗೇ ತನ್ನಿ, ಇಲ್ಲದಿದ್ದರೆ ಕೆಲಸ ಮಾಡಿದ್ದು ಸ್ಪ್ರಿಂಗಾ ಬೈಟಾ ಅಂತ ಗೊತ್ತೇ ಆಗಲ್ಲ.

ಪ್ರ: ನಮ್ಮದು 1985ರ ರೀಗಲ್. ಹಿಂದಿನ ನಾಲ್ಕೂ ಆರ್ಮ್‌ಗಳಿಗೆ ರಬ್ಬರ್ ತೆಗೆದು ಗಟ್ಟಿ ಪಾಲಿಯುರಿಥೇನ್ ಬುಷ್ ಹಾಕಿದೆವು, ರೇಸ್ ಕಾರಿಗೆ ಗಟ್ಟಿ ಇದ್ದರೆ ಒಳ್ಳೇದು ಅಂತ. ಆಮೇಲಿಂದ ಕಾರು ಒಂದು ಸುತ್ತು ಟೈಟ್, ಒಂದು ಸುತ್ತು ಲೂಸ್. ಮುಂಚೆ ಹೀಗಿರಲಿಲ್ಲ. — ಓ ಕ್ಲೇರ್, ವಿಸ್ಕಾನ್ಸಿನ್

ಉ: ಮೇಲಿನ ಎರಡು ಆರ್ಮ್‌ಗಳಿಗೆ ರಬ್ಬರ್ ವಾಪಸ್ ಹಾಕಿ.

ಕಾರಣ ಗೊತ್ತಾದರೆ ಮುಂದೆಯೂ ಉಪಯೋಗಕ್ಕೆ ಬರುತ್ತದೆ. ಜನರಲ್ ಮೋಟಾರ್ಸ್‌ನ 1978ರಿಂದ 88ರವರೆಗಿನ ಈ ಚಾಸಿಯನ್ನು, ಅಂದರೆ ಮಾಂಟೆ ಕಾರ್ಲೊ, ರೀಗಲ್, ಕಟ್ಲಸ್, ಗ್ರ್ಯಾಂಡ್ ಪ್ರೀ ಇವನ್ನೆಲ್ಲ, ರೇಸ್‌ನವರು ಮೆಟ್ರಿಕ್ ಅಂತ ಕರೆಯುತ್ತಾರೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 108 ಇಂಚು. ಹಿಂದೆ ಆಕ್ಸಲನ್ನು ಚಾಸಿಗೆ ಕಟ್ಟುವ ನಾಲ್ಕು ಆರ್ಮ್, ಕೆಳಗಿನ ಎರಡು ಹೆಚ್ಚುಕಡಿಮೆ ನೇರ, ಮೇಲಿನ ಎರಡು ಓರೆ. ಆ ಓರೆ ಇರೋದಕ್ಕೇ ಆಕ್ಸಲ್ ಅಡ್ಡಕ್ಕೆ ಸರಿಯದೆ ನಿಲ್ಲೋದು, ಅದಕ್ಕೆಂದೇ ಹಾಕುವ ಅಡ್ಡ ಸರಳು, ಪ್ಯಾನ್‌ಹಾರ್ಡ್ ಬಾರ್, ಇಲ್ಲಿ ಬೇರೆ ಇಲ್ಲ. ಆದರೆ ಬಾಡಿ ವಾಲಿದಾಗ ಈ ನಾಲ್ಕು ಆರ್ಮ್‌ಗಳ ದಾರಿ ಒಂದಕ್ಕೊಂದು ಹೊಂದುವುದಿಲ್ಲ, ಎಲ್ಲೋ ತಿರುಚಿಕೊಳ್ಳಲೇಬೇಕು. ಕಂಪನಿಯವರು ಆ ತಿರುಚನ್ನು ರಬ್ಬರ್ ನುಂಗಲಿ ಅಂತ ಬಿಟ್ಟಿದ್ದರು. ನೀವು ರಬ್ಬರ್ ತೆಗೆದಿರಿ. ಈಗ ಆಕ್ಸಲ್ ಸ್ವಲ್ಪ ದೂರ ಚಲಿಸಿ ಸಿಕ್ಕಿಹಾಕಿಕೊಳ್ಳುತ್ತದೆ, ಆ ಕ್ಷಣಕ್ಕೆ ಸ್ಪ್ರಿಂಗ್ ಎಷ್ಟು ಪೌಂಡಿನದು ಅನ್ನೋದಕ್ಕೆ ಬೆಲೆಯೇ ಇಲ್ಲ, ಒಮ್ಮೆ ಬಿಟ್ಟುಕೊಂಡರೆ ಜಿಗಿಯುತ್ತದೆ.

ಪರೀಕ್ಷೆ ಸುಲಭ. ಕಾರನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹಿಂದಿನ ಸ್ಪ್ರಿಂಗ್, ಶಾಕ್ ಎರಡೂ ಬಿಚ್ಚಿ, ಆಕ್ಸಲಿನ ಒಂದು ತುದಿಗೆ ಜಾಕಿ ಕೊಟ್ಟು ಏರಿಸಿ ಇಳಿಸಿ. ಸರಾಗವಾಗಿ ಬಂದು ಹೋಗಬೇಕು. ಮಧ್ಯೆ ಚಾಸಿಯನ್ನೇ ಎತ್ತಲು ನೋಡಿತು ಅಂದರೆ ಅಲ್ಲಿ ಹಿಡಿತಿದೆ. ಕೆಲವು ಕ್ಲಾಸ್‌ಗಳಲ್ಲಿ ಬುಷ್ ಬದಲು ರಾಡ್ ಎಂಡ್ (ಎಲ್ಲ ಕಡೆ ಹೊರಳುವ ಗುಂಡು ಕೀಲು) ಬಿಡುತ್ತಾರೆ, ಬಿಟ್ಟರೆ ಅದು ಎಲ್ಲಕ್ಕಿಂತ ಒಳ್ಳೇದು.

ಬುಷ್ ಬಿಚ್ಚಿದಾಗಲೇ ಇನ್ನೊಂದು ನೋಡಿಬಿಡಿ. ಕೆಳಗಿನ ಆರ್ಮ್‌ನ ಮುಂದಿನ ತುದಿ ಹಿಂದಿನ ತುದಿಗಿಂತ ಬಹಳ ಮೇಲಿದ್ದರೆ, ಬಾಡಿ ಬಲಕ್ಕೆ ವಾಲಿದಾಗ ಬಲಗಡೆ ಆರ್ಮ್ ಮಟ್ಟಕ್ಕೆ ಬರುತ್ತಾ ಆ ಬದಿಯ ಚಕ್ರವನ್ನು ಹಿಂದಕ್ಕೆ ತಳ್ಳುತ್ತದೆ, ಎಡದ್ದು ಮುಂದಕ್ಕೆ ಬರುತ್ತದೆ. ಇಡೀ ಆಕ್ಸಲ್ ಹೊರಕ್ಕೆ ಮುಖ ಮಾಡಿ ಹಿಂಭಾಗ ತಾನಾಗೇ ಲೂಸ್ ಆಗುತ್ತದೆ. ಡ್ರೈವರ್ ಏನೂ ಮಾಡಿರಲ್ಲ, ಬೈಗುಳ ಅವನಿಗೆ. ಕಾರಿನ ಹಿಂಭಾಗ ಎಷ್ಟು ಎತ್ತರದಲ್ಲಿ ನಿಂತಿದೆ ಅನ್ನೋದರ ಮೇಲೆ ಈ ಕೋನ ನಿಂತಿರುತ್ತದೆ. ಹಾಗಾಗಿಯೇ ಎತ್ತರ ಬರೆದಿಟ್ಟುಕೊಳ್ಳದೆ ಸ್ಪ್ರಿಂಗ್ ಬದಲಾಯಿಸಿದವರಿಗೆ ಬೇಡದ ಉಡುಗೊರೆ ಸಿಗೋದು.

ಪ್ರ: ಕಾರು ತಿರುವಿಗೆ ತಿರುಗೋದೇ ಇಲ್ಲ, ನೇರ ಹೋಗುತ್ತೆ. ಸ್ಟ್ಯಾಗರ್, ಬೈಟ್ ಎಲ್ಲ ನೋಡಿ ಆಯ್ತು. ಬಲ ಮುಂದಿನ ಟೈರಿನ ಹೊರ ಅಂಚು ಮಾತ್ರ ಸವೆದು ಹೋಗಿದೆ. — ಸೀಡರ್ ರ‍್ಯಾಪಿಡ್ಸ್

ಉ: ಟೈರೇ ಉತ್ತರ ಹೇಳಿದೆಯಲ್ಲ. ಬಲ ಮುಂದೆ ಒಳಕ್ಕೆ ವಾಲಿಸಿರೋದು ಸಾಲದು, ಇನ್ನೊಂದು ಡಿಗ್ರಿ ಕೊಟ್ಟು ನೋಡಿ. ಅದಕ್ಕೂ ಮುಂಚೆ ಬಾಲ್ ಜಾಯಿಂಟ್ ಅಲ್ಲಾಡುತ್ತಾ, ಚಕ್ರ ಕೂರುವ ಸ್ಪಿಂಡಲ್ ಬೆಂಡ್ ಆಗಿದೆಯಾ ನೋಡಿ. ಗೋಡೆಗೆ ಒರಸಿದ ಕಾರುಗಳಲ್ಲಿ ಬೆಂಡ್ ಸ್ಪಿಂಡಲ್ ಬಹಳ ಮಾಮೂಲು. ಟೋ, ಅಂದರೆ ಮುಂದಿನ ಚಕ್ರಗಳ ಮೂತಿ, ಹೊರಕ್ಕೆ ಎಂಟನೇ ಒಂದರಿಂದ ಕಾಲು ಇಂಚು ಇರಲಿ. ಕ್ಯಾಸ್ಟರ್ (ಚಕ್ರ ತಿರುಗುವ ಕೀಲು ಹಿಂದಕ್ಕೆ ವಾಲಿರುವ ಕೋನ) ಬಲಕ್ಕೆ ಜಾಸ್ತಿ, ಎಡಕ್ಕೆ ಎರಡು ಮೂರು ಡಿಗ್ರಿ ಕಡಿಮೆ ಇಟ್ಟರೆ ಸ್ಟೀರಿಂಗ್ ತಾನಾಗಿ ಎಡಕ್ಕೆ ಎಳೆಯುತ್ತದೆ, ಡ್ರೈವರ್‌ಗೆ ತೋಳು ನೋವು ಕಡಿಮೆ. ಬ್ರೇಕ್ ಮುಂದೆ ಜಾಸ್ತಿ ಹಿಡಿಯುತ್ತಿದ್ದರೂ ಇದೇ ಲಕ್ಷಣ ಕಾಣುತ್ತದೆ, ಹಿಂದಕ್ಕೆ ಸ್ವಲ್ಪ ಕೊಡಿ.

ಪ್ರ: ನಮ್ಮ ಮನೆಯವರು ಪ್ರತಿ ವಾರ ಈ ಹುಚ್ಚಿಗೆ ಹೋಗ್ತಾರೆ. ಈ ವರ್ಷ ತಾವೇ ಓಡಿಸ್ತೀನಿ ಅಂತಿದ್ದಾರೆ. ಸಸ್ಪೆನ್ಷನ್ ಬಿಡಿ, ನಾನು ಏನು ನೋಡಿ ಹೂಂ ಅನ್ನಬೇಕು ಹೇಳಿ. — ಮ್ಯಾಡಿಸನ್, ವಿಸ್ಕಾನ್ಸಿನ್

ಉ: ಮೇಡಂ, ಸೀಟ್ ಬೆಲ್ಟ್ ಮೇಲಿನ ಎಸ್‌ಎಫ್‌ಐ (ರೇಸ್ ಸಾಮಗ್ರಿಯ ಸುರಕ್ಷತಾ ಮಾನದಂಡ ಕೊಡುವ ಸಂಸ್ಥೆ) ಲೇಬಲ್ ನೋಡಿ, ಸಾಮಾನ್ಯ ರೇಸ್ ಬೆಲ್ಟ್‌ಗೆ ಎರಡು ವರ್ಷ ಆಯಸ್ಸು. ಸೆಕೆಂಡ್ ಹ್ಯಾಂಡ್ ಕಾರಿನ ಜೊತೆ ಬಂದ ಹಳೇ ಬೆಲ್ಟ್ ಆದರೆ ಹೂಂ ಅನ್ನಬೇಡಿ. ಹೆಲ್ಮೆಟ್, ಬೆಂಕಿ ತಡೆಯುವ ಸೂಟು, ಕಿಟಕಿಗೆ ಬಲೆ, ಕುತ್ತಿಗೆ ಕಾಪಾಡುವ ಪಟ್ಟಿ, ಇವಕ್ಕೆ ದುಡ್ಡು ಖರ್ಚಾದ ಮೇಲೆ ಉಳಿದಿದ್ದರಲ್ಲಿ ಸ್ಪ್ರಿಂಗ್ ತರಲಿ. ಗ್ಯಾರೇಜಲ್ಲಿ ಬರೀ ಜಾಕಿ ಮೇಲೆ ನಿಂತ ಕಾರಿನ ಕೆಳಗೆ ಅವರು ಮಲಗಿದ್ದು ಕಂಡರೆ ಬೈದು ಎಬ್ಬಿಸಿ. ಸ್ಟ್ಯಾಂಡ್ ಕೊಡದೆ ಕೆಳಗೆ ಹೋಗೋದು ರೇಸ್‌ಗಿಂತ ಅಪಾಯ.

ಪ್ರ: ನಾನು ಇಲ್ಲಿ ಆಟೋಕ್ರಾಸ್‌ಗೆ ಹಳೇ ಜಿಪ್ಸಿ ಓಡಿಸ್ತೀನಿ, ಅದೂ ಮಣ್ಣೇ. ಈ ಸ್ಟ್ಯಾಗರ್, ಬೈಟ್ ಎಲ್ಲ ನನಗೂ ಆಗುತ್ತಾ? — ಚಿಕ್ಕಮಗಳೂರು

ಉ: ಆಗಲ್ಲ. ನಿಮಗೆ ಎಡವೂ ಬೇಕು ಬಲವೂ ಬೇಕು, ಸೊಟ್ಟ ಮಾಡಿದರೆ ಒಂದು ತಿರುವು ಚೆನ್ನ, ಮುಂದಿನದು ಚರಂಡಿ. ನಿಮ್ಮ ಗಾಡಿಯಲ್ಲಿ ಎಡ-ಬಲ ಎಷ್ಟು ಸಮ ಇದ್ದರೆ ಅಷ್ಟು ಒಳ್ಳೇದು. ಆದರೆ ಗಾಳಿ ಒಂದೊಂದೇ ಪೌಂಡ್ ಬದಲಿಸಿ ನೋಡೋದು, ಹಿಂದಿನ ಆಕ್ಸಲ್ ನೇರ ಇದೆಯಾ ಅಂತ ಎರಡೂ ಬದಿ ಚಕ್ರದಿಂದ ಚಕ್ರಕ್ಕೆ ಟೇಪ್ ಹಿಡಿಯೋದು, ಲೀಫ್ ಸ್ಪ್ರಿಂಗ್ ಸೆಂಟರ್ ಬೋಲ್ಟ್ ತುಂಡಾಗಿದೆಯಾ ನೋಡೋದು, ಇವು ನಿಮಗೂ ಅಷ್ಟೇ ಮುಖ್ಯ. ಸೆಂಟರ್ ಬೋಲ್ಟ್ ಹೋದರೆ ಆಕ್ಸಲ್ ಒಂದು ಕಡೆ ಹಿಂದಕ್ಕೆ ಸರಿದುಕೊಂಡು ಗಾಡಿ ಏಡಿ ನಡಿಗೆ ಶುರು ಮಾಡುತ್ತದೆ.

ಪ್ರ: ಪ್ರತಿ ರೇಸ್ ಆದ ಮೇಲೂ ಕಾರು ತೊಳೆಯಲೇಬೇಕಾ? ಮುಂದಿನ ವಾರ ಮತ್ತೆ ಕೆಸರೇ ತಾನೆ. — ಮತ್ತೆ ಏಮ್ಸ್, ಬೇರೆ ಓದುಗರು

ಉ: ತೊಳೆಯಲೇಬೇಕು. ಚಾಸಿ ಒಳಗೆ, ರಿಮ್ ಒಳಗೆ ಒಣಗಿ ಕೂತ ಜೇಡಿ ಮಣ್ಣು ನೀವು ಲೆಕ್ಕ ಹಾಕಿ ಹಂಚಿದ ಭಾರವನ್ನೆಲ್ಲ ಕೆಡಿಸುತ್ತದೆ, ಅದೂ ಎಡ-ಬಲ ಸಮ ಬಿದ್ದಿರಲ್ಲ. ಒಂದು ಚಕ್ರದೊಳಗೆ ಅಂಟಿದರೆ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ, ನೀವು ಟೈ ರಾಡ್ ಹೋಯ್ತು ಅಂತ ಅದನ್ನು ಬಿಚ್ಚಿ ಕೂರುತ್ತೀರಿ. ರೇಸ್ ಮುಗಿದ ರಾತ್ರಿಯೇ, ಮಣ್ಣು ಹಸಿ ಇರುವಾಗ ನೀರು ಹೊಡೆದರೆ ಅರ್ಧ ಕೆಲಸ. ತೊಳೆದಾದ ಮೇಲೆ ಟಾರ್ಚ್ ಹಿಡಿದು ವೆಲ್ಡ್‌ಗಳ ಸುತ್ತ, ಮುಖ್ಯವಾಗಿ ಮೇಲಿನ ಎ-ಆರ್ಮ್ ಕೂರುವ ಜಾಗ ಮತ್ತು ಹಿಂದಿನ ಆರ್ಮ್‌ಗಳ ಬ್ರ್ಯಾಕೆಟ್ ಹತ್ತಿರ ಕೂದಲೆಳೆಯ ಬಿರುಕು ಹುಡುಕಿ. ಬಿರುಕಿನಲ್ಲಿ ತುಕ್ಕಿನ ಸಣ್ಣ ಗೆರೆ ಕಂಡರೆ ಅದು ಹೋದ ವಾರವೂ ಇತ್ತು ಅಂತಲೇ ಅರ್ಥ. ಸ್ಟಾಪ್ ಡ್ರಿಲ್ ಮಾಡಿ (ಬಿರುಕು ಬೆಳೆಯದಂತೆ ಅದರ ತುದಿಗೆ ತೂತು ಕೊರೆಯೋದು), ವೆಲ್ಡ್ ಹಾಕಿಸಿ, ಆಮೇಲೆ ಕ್ಯಾಂಬರ್, ಅಂದರೆ ಚಕ್ರದ ವಾಲಿಕೆ, ಮತ್ತೊಮ್ಮೆ ಅಳೆಯಿರಿ.